ಬ್ಯಾಟರಿ ಭಾವನ ಆಯುಧಪೂಜೆ

ನಮ್ಮ ಭಾವ ಹುಲಿಗೂ ಹೆದರುವವರಲ್ಲ. ಆದರೆ ಒಂದು ಮೋಟು ಬೀಡಿ ಕಂಡರೆ ಸಾಕು, ಮಾರುದ್ದ ಎಗರುತ್ತಿದ್ದರು!

ಐವತ್ತರ ದಶಕದ ಮಾತು. ಕೆಂಗೇರಿಯಲ್ಲಿ, ಮೈಸೂರು ರಸ್ತೆಯ ಪಕ್ಕ ಅವರದೊಂದು ತಗಡಿನ ಶೆಡ್ಡು. ಲಾರಿಗಳ ಬ್ಯಾಟರಿ, ಕರೆಂಟು ಕಾಣದ ಹಳ್ಳಿಗಳ ರೇಡಿಯೋ ಬ್ಯಾಟರಿ, ಎಲ್ಲವೂ ಅಲ್ಲಿಗೇ ಚಾರ್ಜಿಗೆ ಬರುತ್ತಿದ್ದವು. ಚಾರ್ಜಾಗುವ ಬ್ಯಾಟರಿ ಗ್ಯಾಸು ಬಿಡುತ್ತದೆ, ಒಂದು ಕಿಡಿ ತಗುಲಿದರೂ ಸಿಡಿದು ಆಸಿಡ್ ಮುಖಕ್ಕೆ ಹಾರುತ್ತದೆ ಎಂದು ಭಾವ ಬಂದವರಿಗೆಲ್ಲ ಹೇಳುವರು. ಕೇಳುವವರು ಯಾರು? ಒಮ್ಮೆ ಪಟೇಲರು ಬೀಡಿ ಕಚ್ಚಿಕೊಂಡೇ ಒಳಗೆ ಬಂದರು. ಭಾವ ಚೊಂಬಿನ ನೀರನ್ನು ನೇರ ಬೀಡಿಗೇ ಎರಚಿದರು. ಮೀಸೆಯೂ ತೊಯ್ದಿತೆನ್ನಿ!

"ನಾನ್ಯಾರು ಗೊತ್ತೇನಯ್ಯಾ?"

"ನಂಗೊತ್ತು ಸ್ವಾಮಿ. ಬ್ಯಾಟರಿಗೆ ಗೊತ್ತಿಲ್ವಲ್ಲ!"

ಬ್ಯಾಟರಿ ಕಾದರಂತೂ ಚಾರ್ಜು ನಿಲ್ಲಿಸಿ, ಬಾಗಿಲು ತೆರೆದು, ಬೀಸಣಿಗೆ ಹಿಡಿದು ಕೂತುಬಿಡುವರು. ಒಮ್ಮೆ ಅಕ್ಕ ಹಿಂದಿನ ಮನೆಯ ಒಲೆ ಮುಂದಿನಿಂದ ಎದ್ದು ಬಂದು ಕೇಳಿದಳು: "ರೀ, ನಂಗೂ ಒಂಚೂರು ಬೀಸಬಾರ್ದಾ? ನಾನೂ ಕಾದಿದೀನಿ."

"ನೀನು ಸಿಡಿದ್ರೆ ಪಾತ್ರೆ ಒಡೆಯುತ್ತೆ, ಅಷ್ಟೇ ಕಣೇ!"

ಇಂಥವರ ಕೈಗೆ ನಾನು ಸಿಕ್ಕಿಬಿದ್ದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ಕಂಡವರ ಲಾರಿ ತೊಳೆದು, ಕ್ಲೀನರಾಗಿ, ಡ್ರೈವರಾಗಿ, ಕೊನೆಗೆ ಸ್ವಂತ ದುಡಿಮೆಯಲ್ಲಿ ಹಳೇ ಲಾರಿಯೊಂದನ್ನು ಕೊಂಡಿದ್ದೆ. ಅದಕ್ಕೆ ಮೊದಲ ಆಯುಧಪೂಜೆ. ಊರೆಲ್ಲ ನೋಡಲಿ ಎಂದು ನನ್ನ ಆಸೆ, ಯಾಕಿರಬಾರದು? ಬಾಳೆಕಂದು ಕಟ್ಟಿ, ಚೆಂಡುಹೂ ಸುತ್ತಿ, ಭಾವನ ಶೆಡ್ಡಿನಿಂದ ಬಂದ ಬ್ಯಾಟರಿಯನ್ನು ಲಾರಿಗೆ ಕೂರಿಸಿ, ಅದಕ್ಕೂ ಕುಂಕುಮ ಇಟ್ಟೆ. ಪೂಜಾರಪ್ಪ ಕರ್ಪೂರ ಹಚ್ಚಿದರು.

"ನಿಲ್ಸಿ ಸ್ವಾಮಿ!" ಭಾವ ನುಗ್ಗಿದರು. "ಈಗ ತಾನೇ ಚಾರ್ಜಿನಿಂದ ಇಳ್ಸಿದ್ದು, ಇನ್ನೂ ಕಾದಿದೆ. ಬೆಂಕಿ ತರಬೇಡಿ!" ಎನ್ನುತ್ತಲೇ ವೈರು ಬಿಚ್ಚಿ, ಬ್ಯಾಟರಿಯನ್ನು ಹೊತ್ತುಕೊಂಡು ಹೋಗಿ ದೂರದ ಹೊಂಗೆಮರದಡಿ ಇಟ್ಟರು.

"ಮದುವೆ ಗಂಡನ್ನ ಆಚೆ ಕಳಿಸಿ ಧಾರೆ ಎರೆದಂಗಾಯ್ತು!" ಎಂದು ಯಾರೋ ಕೂಗಿದರು. ಊರೇ ನಕ್ಕಿತು.

ನನ್ನ ಮೈ ಉರಿದುಹೋಯಿತು. "ನನ್ನ ಮೊದಲ್ನೇ ಪೂಜೆ ಹಾಳು ಮಾಡಿದ್ರಲ್ಲ ಭಾವ! ಇನ್ನು ನಿಮ್ಮ ಶೆಡ್ಡಿಗೆ ಕಾಲಿಡಲ್ಲ!" ಎಂದು ಲಾರಿಯ ಮೆಟ್ಟಿಲ ಮೇಲೆ ಕೂತೆ. ಆರತಿ ತಟ್ಟೆ ಬಂದಾಗ ಮುಖ ತಿರುಗಿಸಿದೆ.

ಭಾವ ಆರತಿಯ ಮೇಲೆ ಎರಡೂ ಅಂಗೈ ಹಿಡಿದರು. ಆದರೆ ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಕೈ ಮುಚ್ಚಿಕೊಂಡು, ನೀರು ತುಂಬಿಕೊಂಡವರಂತೆ ಮೆಲ್ಲಗೆ ಮರದ ತನಕ ನಡೆದು ಬ್ಯಾಟರಿಗೆ ಮುಟ್ಟಿಸಿದರು. ಬೆಂಕಿಯಿಲ್ಲದ ಮಂಗಳಾರತಿ! ಜನ ಮತ್ತೆ ನಕ್ಕರು.

ಅವರು ತಿರುಗಿ ಬಂದು ಇನ್ನೊಮ್ಮೆ ಆರತಿಗೆ ಕೈಯೊಡ್ಡಿದರು. ಈ ಸಲ ನನ್ನತ್ತ ಬಂದು, ಎರಡೂ ಅಂಗೈಗಳನ್ನು ನನ್ನ ಕಣ್ಣಿಗೆ ಒತ್ತಿದರು.

"ಬ್ಯಾಟರಿ ಹೋದ್ರೆ ಇನ್ನೊಂದು ಕಟ್ಕೊಡ್ತೀನಿ ಕಣೋ. ನಿನ್ನ ಕಣ್ಣು ಹೋದ್ರೆ ಎಲ್ಲಿಂದ ತರ್ಲಿ?"

ಆಸಿಡ್ ತಿಂದ ಅಂಗೈಗಳು, ಒರಟಾಗಿದ್ದವು, ಬೆಚ್ಚಗಿದ್ದವು. ನಾನು ಬೇಗ ಕಣ್ಣು ತೆರೆಯಲಿಲ್ಲ.