ಬೆಲ್ಲದ ಹಡಗು, ದೊನ್ನಿ ಹಡಗು

ಆ ಶನಿವಾರ ಬೆಳಿಗ್ಗೆ ಲಿಫ್ಟಿನಲ್ಲಿ ಭೀಮಾಶಂಕರರು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಯಾವ ರಗಳೆಯೂ ಆಗುತ್ತಿರಲಿಲ್ಲ. ಕೈಯಲ್ಲಿ ಹಾಲಿನ ಪಾಕೀಟು, ಬಗಲಲ್ಲಿ ಹಿಂದಿನ ದಿನ ಸ್ಕೂಟರಿನ ಡಿಕ್ಕಿಯಲ್ಲೇ ಮರೆತಿದ್ದ ಎರಡು ಮಿರಮಿರ ಮಿಂಚುವ ಚಿತ್ರದ ಪುಸ್ತಕ. ಎರಡನೇ ಮಹಡಿಯಲ್ಲಿ ಲಿಫ್ಟು ನಿಂತಿತು. ತಾರಸಿಯ ಮೇಲಿನ ನೀರಿನ ಟಾಕಿ ನೋಡಲು ಹೊರಟಿದ್ದ ಹಣಮಂತರಾಯರು ಒಳಗೆ ಬಂದರು. ಹೈದರಾಬಾದಿನ ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಯ ಸಗಟು ವ್ಯಾಪಾರಿ. ಮಿಂಚುವುದೇನು ಕಂಡರೂ ಅವರಿಗೆ ಅದು ಪಾತ್ರೆಯೇ.

"ಏನ್ರೀ ಅದು, ಕುಕ್ಕರ್ ಕ್ಯಾಟಲಾಗೇನು?"

"ಅಲ್ರಿ ಸಾವ್ಕಾರ್ರ, ಹಡಗು."

ಅಷ್ಟಕ್ಕೇ ನಿಲ್ಲಿಸಿದ್ದರೂ ಬದುಕುತ್ತಿದ್ದರು. ಆದರೆ ರಾತ್ರಿಯಿಡೀ ಇದೇ ಯೋಚನೆಯಲ್ಲಿ ಹೊರಳಾಡಿದ್ದ ಮನುಷ್ಯ. ಬಾಯಿ ಜಾರಿತು. "ಈ ಎರಡರಾಗ ಯಾವ್ದು ಛಲೋ ಅನಸ್ತೈತ್ರಿ ನಿಮಗ?"

ಹಣಮಂತರಾಯರ ಮುಖ ಹೊಸದಾಗಿ ಪಾಲಿಶ್ ಹೊಡೆದ ತಾಟಿನ ಹಾಗೆ ಬೆಳಗಿತು. ನೀರಿನ ಟಾಕಿಯ ನೆನಪು ಅಲ್ಲಿಗೇ ಹಾರಿಹೋಯಿತು.

ಭೀಮಾಶಂಕರರು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕರು. ಮದುವೆಯಾಗಿ ಇಪ್ಪತ್ತೈದು ವರ್ಷವಾಗಿತ್ತು. ನಾಂಪಲ್ಲಿಯ ಈ ಅಪಾರ್ಟ್‌ಮೆಂಟಿಗೆ ಬಂದಾಗಿನಿಂದ ಗಂಡ ಹೆಂಡತಿ ಇಬ್ಬರೇ ಕೂತು ಒಂದು ಕಪ್ಪು ಚಹಾ ಕುಡಿದದ್ದಿಲ್ಲ. ಅಲ್ಲಿ ಕನ್ನಡದವರ ಮನೆ ನಾಲ್ಕೇ ನಾಲ್ಕು. ಮಿಕ್ಕ ಮೂರು ಮನೆಯವರಿಗೆ ಭೀಮಾಶಂಕರರ ಮನೆ ತಮ್ಮದೇ ಪಡಸಾಲೆ. ಹಣಮಂತರಾಯರು ಪೇಪರ್ ಓದಲು ಬರುವರು. ಮೇಲಿನ ಮನೆಯ ಮುದುಕಿ ಗುರುಬಾಯಿ ತನ್ನ ಮೊಣಕಾಲಿನ ಸಮಾಚಾರ ಹೇಳಲು ಬರುವಳು. ಎದುರು ಮನೆಯ ಶಾಂಭವಿ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರೆ, ಆ ಹಾಲು ಹೆಪ್ಪುಗಟ್ಟುವವರೆಗೂ ಏಳುತ್ತಿರಲಿಲ್ಲ.

"ಈ ಸಲ ಎಲ್ಲೆರ ದೂರ ಹೋಗೂಣ್ರಿ," ಎಂದಿದ್ದರು ಹೆಂಡತಿ ಸುಮಂಗಲಾ. "ಯಾರೂ ಬಂದು ಬಾಗಲಾ ಬಡೀಲಾರದಂಥ ಜಾಗಾಕ್ಕ."

ಊಟಿ ಅಂದರೆ ಅಲ್ಲಿ ಹಣಮಂತರಾಯರ ಭಾವಮೈದುನ ಇದ್ದ. ಗೋವಾ ಅಂದರೆ ಶಾಂಭವಿಯ ಚಿಕ್ಕಮ್ಮ ಇದ್ದಳು. ಕೊನೆಗೆ ಭೀಮಾಶಂಕರರಿಗೆ ಹೊಳೆದದ್ದು ನಡುಸಮುದ್ರ. ಅಲ್ಲಿ ಯಾರು ಬಂದಾರು, ಮೊಸರು ಕೇಳಿಕೊಂಡು? ಅಬಿಡ್ಸಿನ ಟ್ರಾವೆಲ್ಸ್ ಅಂಗಡಿಯ ಅಕ್ಷಯ ಎರಡು ದೊಡ್ಡ ಹಡಗು ತೋರಿಸಿದ್ದ: ಒಂದು ಬೆಲ್ಲಾ ಫಿಯೋರಾ, ಇನ್ನೊಂದು ದೋನಾ ಸೆರೆನಾ. ಎರಡೂ ಒಂದೇ ದಿನ ಬಾರ್ಸಿಲೋನಾದಿಂದ ಹೊರಟು ಮೆಡಿಟರೇನಿಯನ್ ಸಮುದ್ರ ಸುತ್ತಿ, ಇಟಲಿ ತೋರಿಸಿಕೊಂಡು ವಾಪಸು ಬರುವಂಥವು. ಯಾವುದೆಂದು ಇವತ್ತು ಸಂಜೆಯೊಳಗೆ ಹೇಳಬೇಕಿತ್ತು.

ಸುಮಂಗಲಾ ಹಾಲು ಕಾಯಿಸುವಷ್ಟರಲ್ಲಿ ಸೋಫಾ ಭರ್ತಿಯಾಗಿತ್ತು.

"ತೂಕ ಎಷ್ಟ್ರಿ ಇದರದು?" ಹಣಮಂತರಾಯರು ಬೆಲ್ಲಾ ಫಿಯೋರಾದ ಚಿತ್ರವನ್ನು ಉಗುರಿನಿಂದ ಟಣ್ ಎನ್ನುತ್ತದೋ ಎಂಬಂತೆ ಬಾರಿಸಿ ನೋಡಿದರು. "ಸಾಮಾನು ತಗೊಳ್ಳೂಮುಂದ ಮೊದಲ ತೂಕ ನೋಡ್ಬೇಕ್ರಿ. ಹಗುರ ಮಾಲು ಎರಡು ವರ್ಷದಾಗ ತಳಾ ಬಿಡ್ತೈತಿ."

"ಸಾವ್ಕಾರ್ರ, ನಾವು ಹಡಗ ಮನೀಗೆ ತರಾಕತ್ತಿಲ್ರಿ. ಎಂಟು ದಿನ ಕುಂದ್ರೂದು ಅಷ್ಟ."

"ಎಂಟನೇ ದಿನಾನೇ ತಳಾ ಬಿಟ್ರ?"

ಗುರುಬಾಯಿ ಹೆಸರು ಕೇಳಿಯೇ ತೀರ್ಮಾನ ಕೊಟ್ಟುಬಿಟ್ಟಳು. "ಒಂದು ಬೆಲ್ಲ, ಒಂದು ದೊನ್ನಿ. ಇದರಾಗ ಕೇಳೂದೇನೈತಿ ಯಪ್ಪಾ? ಬೆಲ್ಲದ್ದ ತಗೋ. ದೊನ್ನಿ ಅಂದ್ರ ಎಲೀದು. ನೀರಾಗ ಎಷ್ಟೊತ್ತು ತಡೀತೈತಿ?"

"ದೊನ್ನಿ ಅಲ್ರಿ ಆಯಿ, ದೋನಾ," ಎಂದಳು ಶಾಂಭವಿ, ಫೋನಿನಿಂದ ಕಣ್ಣೆತ್ತದೆ. ಅವಳು ಆಗಲೇ ಎರಡೂ ಹಡಗಿನ ವಿಡಿಯೋ ನೋಡಿ ಮುಗಿಸಿದ್ದಳು. "ಅಣ್ಣಾರ, ದೋನಾ ಸೆರೆನಾದಾಗ ಒಂದು ಜಾರುಬಂಡಿ ಐತ್ರಿ. ಹದಿನೈದನೇ ಮಾಳಿಗಿಂದ ಜಾರಿದ್ರ ಕೊಳವಿ ಸಮುದ್ರದ ಮ್ಯಾಲ ಹೊರಗ ಹೋಗಿ, ತಿರುಗಿ ಹಡಗಿನಾಗ ತಂದು ಒಗೀತೈತಿ."

"ಹಡಗಿನಾಗ ಕುಂತವ್ರನ್ನ ಹೊರಗ್ಯಾಕ ಒಗೀತಾರ?" ಗುರುಬಾಯಿ ಎದೆ ಹಿಡಿದುಕೊಂಡಳು. "ಅದರಾಗ ರೊಟ್ಟಿ ಸಿಗತಾವೇನು ಕೇಳು."

ಶಾಂಭವಿ ಅಕ್ಷಯನಿಗೇ ಫೋನು ಹಚ್ಚಿ ಸ್ಪೀಕರ್ ಮೇಲೆ ಹಾಕಿದಳು.

"ರೊಟ್ಟಿ ಐತ್ರಿ ಆಯಿ," ಎಂದ ಅಕ್ಷಯ ಆ ಕಡೆಯಿಂದ, ಗಿರಾಕಿ ಕೈ ತಪ್ಪಬಾರದೆಂದು. "ಇಟಲಿ ರೊಟ್ಟಿ. ಮ್ಯಾಲ ಟೊಮ್ಯಾಟೊ, ಗಿಣ್ಣ ಹಾಕಿ ಸುಟ್ಟಿರ್ತಾರ."

"ಗಿಣ್ಣ? ಹಡಗಿನಾಗ ಎಮ್ಮಿ ಈದೈತೇನು?"

ಲೈನು ಕಟ್ಟಾಯಿತು. ಆಮೇಲೆ ಹಣಮಂತರಾಯರು ಕೈ ಎತ್ತಿಸಿ ಮತ ಹಾಕಿಸಿದರು. ಜಾರುಬಂಡಿಯ ಆಸೆ ಬಿಟ್ಟ ಶಾಂಭವಿಯದೂ ಸೇರಿ ಮೂರು ಕೈ ಬೆಲ್ಲಾ ಫಿಯೋರಾಕ್ಕೆ ಎದ್ದವು. ಭೀಮಾಶಂಕರರೂ ಒಂದು ಕೈ ಎತ್ತಲು ಹೋದರು, ಚಹಾದ ಟ್ರೇ ಹಿಡಿದುಕೊಂಡಿದ್ದರಿಂದ ಆಗಲಿಲ್ಲ.

"ಅಲ್ಲ, ಹಡಗ ಆರಿಸೂದು ಆಮ್ಯಾಲ," ಎಂದು ಹಣಮಂತರಾಯರಿಗೆ ಹೊಸ ಅನುಮಾನ ಬಂತು. "ನಿಮಗ ನೀರಿನ ಸವಾರಿ ಹಿಡಸ್ತೈತೋ ಇಲ್ಲೋ? ಅದನ್ನ ಇವತ್ತೇ ನೋಡಿಬಿಡೂಣು."

ಬೇಡ ಎನ್ನುವ ಮೊದಲೇ ಎರಡು ಆಟೋ ಬಂದು ನಿಂತವು. ಮಧ್ಯಾಹ್ನದ ಬಿಸಿಲಿನಲ್ಲಿ ಐವರೂ ಹುಸೇನ್ ಸಾಗರದಲ್ಲಿ ಬುದ್ಧನ ಮೂರ್ತಿಯ ಕಡೆ ಹೋಗುವ ಲಾಂಚಿನಲ್ಲಿದ್ದರು. ಭೀಮಾಶಂಕರರಿಗೆ ತೊಡಿಸಿದ ಲೈಫ್ ಜಾಕೆಟ್ಟು ಮಕ್ಕಳದೋ ಏನೋ, ನಡುವೆ ಹಗ್ಗ ಬಿಗಿದ ಜೋಳದ ಚೀಲದ ಹಾಗೆ ಕಾಣುತ್ತಿದ್ದರು. ಕೆರೆಯೋ, ಬಸಿಯಲ್ಲಿ ಹೊಯ್ದಿಟ್ಟ ಚಹಾದಂತೆ ಅಲುಗದೆ ಮಲಗಿತ್ತು.

"ಹಿಂಗ ಸುಮ್ಮ ನಿಂತ್ರ ಪರೀಕ್ಷಾ ಆಗೂದಿಲ್ಲ," ಎಂದರು ಹಣಮಂತರಾಯರು. "ತೆರಿ ಬರ್ಬೇಕು. ಎಲ್ಲಾರೂ ತೂಗಾಡ್ರಿ!"

ಹೇಳಿದ್ದೇ ತಡ ತಾವೇ ಎಡಕ್ಕೆ ಬಲಕ್ಕೆ ವಾಲತೊಡಗಿದರು. ಶಾಂಭವಿ ವಾಲಿದಳು, ಗುರುಬಾಯಿ ವಾಲಿದಳು. ಅವರನ್ನು ನೋಡಿ ನಾಲ್ಕು ಮಂದಿ ಪ್ರವಾಸಿಗರೂ ಇದೇನೋ ಇಲ್ಲಿಯ ಪದ್ಧತಿ ಇರಬೇಕೆಂದು ವಾಲಿದರು. "ಕೂರ್ಚೋಂಡಿ! ಕೂರ್ಚೋಂಡಿ ಸಾರ್!" ಎಂದು ಲಾಂಚಿನವನು ತೆಲುಗಿನಲ್ಲಿ ಬಾಯಿ ಬಡಿದುಕೊಂಡ. ಕುಳಿತುಕೊಂಡವರು ಹಣಮಂತರಾಯರೊಬ್ಬರೇ, ಅದೂ ಮುಖ ಹಸಿರಾಗಿ. ಜೊತೆಗೆ ತಂದಿದ್ದ ದೋನಾ ಸೆರೆನಾದ ಪುಸ್ತಕ ಎಳೆದುಕೊಂಡು ಅದರ ಊಟದ ಕೋಣೆಯ ಚಿತ್ರದ ಮೇಲೆಯೇ ಬೆಳಗಿನ ಉಪ್ಪಿಟ್ಟನ್ನು ವಾಪಸು ಮಾಡಿದರು. ಅವರ ಬೆನ್ನು ನೀವಲು ಬಗ್ಗಿದ ಭೀಮಾಶಂಕರರ ಕನ್ನಡಕ ಜಾರಿ, ಬುಳುಂಕ್ ಎಂದು ಕೆರೆಯ ಪಾಲಾಯಿತು.

"ಛಲೋ ಆತು," ಎಂದರು ಹಣಮಂತರಾಯರು ಬಾಯಿ ಒರೆಸಿಕೊಳ್ಳುತ್ತ. "ನಿಮಗೇನೂ ಆಗ್ಲಿಲ್ಲ. ನೀವು ಪಾಸ್."

ದಂಡೆಗೆ ಬಂದು ಮಿರ್ಚಿ ಭಜಿ ತಿನ್ನುವಾಗ ಶಾಂಭವಿ ಸಿಹಿ ಸುದ್ದಿ ಒಡೆದಳು.

"ಅಣ್ಣಾರ, ನೀವು ನೀರಾಗ ಕನ್ನಡಕ ಹುಡುಕಾಕತ್ತಿದ್ರಲ್ಲ, ಅವಾಗ ಅಕ್ಷಯಗ ಫೋನ್ ಮಾಡಿ ಬೆಲ್ಲಾ ಫಿಯೋರಾ ಪಕ್ಕಾ ಮಾಡಿಬಿಟ್ಟೆ. ನಾಕೂ ಮನಿದು!"

"ನಾಕೂ ಮನಿದಂದ್ರ?"

"ನಾವೂ ಬರಾಕತ್ತೀವ್ರಿ! ಗುಂಪಾಗಿ ಹೋದ್ರ ರಿಯಾಯಿತಿ ಐತಂತ. ನಿಮ್ಮಿಬ್ಬರನ್ನೇ ಅಷ್ಟು ದೂರ ಹೆಂಗ ಕಳಸೂದ್ರಿ?"

"ನನಗೂ ಪಾಸ್‌ಪೋರ್ಟ್ ಐತಿ," ಎಂದಳು ಗುರುಬಾಯಿ. "ಮಗಳ ಬಾಣಂತನಕ್ಕ ದುಬೈಕ್ಕ ಹೋಗಿದ್ನೆಲ್ಲ. ಹಂಚು, ಜ್ವಾಳದ ಹಿಟ್ಟು ನಾನೇ ತರ್ತೀನಿ ಬಿಡು."

ಹಣಮಂತರಾಯರು ಭೀಮಾಶಂಕರರ ಹೆಗಲು ತಟ್ಟಿದರು. "ದೊಡ್ಡ ಹಡಗ ಅಲುಗಾಡೂದಿಲ್ಲಂತ್ರಿ. ಮುಂಜಾನೆದ್ದು ನಿಮ್ಮ ಖೋಲಿಗೇ ಬರ್ತೀನಿ, ಪೇಪರ್ ಹಿಡಕೊಂಡು."

ಬಾಯಲ್ಲಿದ್ದ ಮೆಣಸಿನಕಾಯಿ ಖಾರವೆನ್ನುವುದೂ ಭೀಮಾಶಂಕರರಿಗೆ ತಿಳಿಯಲಿಲ್ಲ.

ಮನೆಗೆ ಬಂದವರೇ ಗಂಡ ಹೆಂಡತಿ ಅಡುಗೆಮನೆ ಸೇರಿದರು. ಹೊರಗೆ ಯಾರಿಗೂ ಕೇಳದಿರಲೆಂದು ಸುಮಂಗಲಾ ಖಾಲಿ ಮಿಕ್ಸರ್ ಹಚ್ಚಿದರು. ಅದರ ಗರಗರದ ನಡುವೆ ಗಂಡನ ಕಿವಿಗೆ ಬಾಯಿಟ್ಟು ಎರಡೇ ಮಾತು ಹೇಳಿದರು: "ದೋನಾ ಸೆರೆನಾ!"

"ಅವ್ರಿಗೆ ಗೊತ್ತಾದ್ರ ಬ್ಯಾಸರಾ ಮಾಡ್ಕೋತಾರಲ್ಲ?"

"ಬಾರ್ಸಿಲೋನಾ ಮುಟ್ಟಿದ ಮ್ಯಾಲ ಗೊತ್ತಾಗ್ಲಿ ಬಿಡ್ರಿ. ಅಲ್ಲಿಂದ ಕೈ ಬೀಸೂಣು."

ಭೀಮಾಶಂಕರರು ಹಿಂದಿನ ಮೆಟ್ಟಿಲಿಳಿದು ಹೊರಟರು. ಕನ್ನಡಕವಿಲ್ಲದ ಕಣ್ಣಿಗೆ ಹೈದರಾಬಾದ್ ತೊಳೆಯದ ಗಾಜಿನ ಲೋಟದಲ್ಲಿಟ್ಟ ಹಾಗೆ ಕಾಣುತ್ತಿತ್ತು. ಖಾಲಿ ಎಂದು ಹತ್ತಿದ ಆಟೋದಲ್ಲಿ ಒಂದು ಸಂಸಾರವೇ ಕೂತಿತ್ತು; ಅವರ ತೊಡೆಯ ಮೇಲಿಂದೆದ್ದು ಕ್ಷಮೆ ಕೇಳಿ ಬೇರೆ ಆಟೋ ಹಿಡಿದರು. ಟ್ರಾವೆಲ್ಸ್ ಅಂಗಡಿಯಲ್ಲಿ ನಗುನಗುತ್ತ ನಿಂತಿದ್ದ ಹೆಣ್ಣುಮಗಳಿಗೆ ತಮ್ಮ ಕಷ್ಟವನ್ನೆಲ್ಲ ಕೈ ಮುಗಿದು ತೋಡಿಕೊಂಡರು. ಆಕೆ ಮಾತಾಡದೆ ನಗುತ್ತಲೇ ಇದ್ದಳು. ಆಮೇಲೆ ಅಕ್ಷಯ ಒಳಗಿನಿಂದ ಬಂದು, "ಸಾರ್, ಅದು ರಟ್ಟಿನ ಗೊಂಬಿ. ಹೇಳ್ರಿ, ಏನಾಗ್ಬೇಕು?" ಎಂದ.

"ನಮ್ಮಿಬ್ಬರದು ದೋನಾ ಸೆರೆನಾಕ್ಕ ಬದಲು ಮಾಡ್ರಿ."

"ಮಾಡೂಣ್ರಿ. ಆದ್ರ ಒಂದೇ ಸಲ ಬದಲು ಮಾಡಾಕ ಬರ್ತೈತಿ. ಆಮ್ಯಾಲ ದೇವ್ರು ಹೇಳಿದ್ರೂ ಆಗೂದಿಲ್ಲ."

"ದೇವ್ರು ಹೇಳೂದಿಲ್ಲ ಬಿಡ್ರಿ. ಹೇಳಾವ್ರೆಲ್ಲ ಬೆಲ್ಲಾ ಫಿಯೋರಾದಾಗ ಅದಾರ," ಎಂದು ಭೀಮಾಶಂಕರರು ಎಷ್ಟೋ ದಿನದ ಮೇಲೆ ನಕ್ಕರು.

ಸಂಜೆ ಬಾಗಿಲಿಗೆ ಅಗುಳಿ ಹಾಕಿ, ಗಂಡ ಹೆಂಡತಿ ಬಾಲ್ಕನಿಯಲ್ಲಿ ಎರಡೇ ಕಪ್ಪು ಚಹಾ ಇಟ್ಟುಕೊಂಡು ಕೂತರು. ಸುಮಂಗಲಾ ಮೊದಲ ಗುಟುಕಿಗೆ ತುಟಿ ಹಚ್ಚಿದ್ದರಷ್ಟೇ, ಬಾಗಿಲ ಮೇಲೆ ಸಣ್ಣಗೆ ಸದ್ದಾಯಿತು. ಭೀಮಾಶಂಕರರು ಅಗುಳಿ ತೆಗೆದರು.

ಹಣಮಂತರಾಯರು. ಎಂದೂ ಬಾಗಿಲು ಹಾಕದ ಮನುಷ್ಯ, ಒಳಗೆ ಬಂದು ಹಿಂದಿನಿಂದ ತಾವೇ ಬಾಗಿಲು ಮುಚ್ಚಿದರು. ಮುಖದಲ್ಲಿ ಸಾವಿನ ಮನೆಯ ಕಳೆ.

"ಭೀಮಾಶಂಕರ್ರ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಾವು ನಿಮ್ಮ ಜೋಡಿ ಬರೂದಿಲ್ಲ."

ಭೀಮಾಶಂಕರರಿಗೆ ಒಳಗೊಳಗೇ ಹಲಗೆ ಬಾರಿಸಿದಂತಾಯಿತು. ಆದರೂ ಮುಖ ಸಣ್ಣದು ಮಾಡಿಕೊಂಡು, "ಅಯ್ಯ, ಯಾಕ್ರಿ ಸಾವ್ಕಾರ್ರ?" ಎಂದರು.

"ಆ ಶಾಂಭವಿ ವಟವಟ, ಆ ಮುದಕಿ ಮೊಣಕಾಲು! ಎಂಟು ದಿನ ಯಾರು ತಡಕೋಬೇಕ್ರಿ? ನೀವಿಬ್ಬರಾದ್ರ ಮಾತು ಬ್ಯಾರೆ. ಅವ್ರಿಗೆ ಹೇಳಬ್ಯಾಡ್ರಿ ಮತ್ತ. ಸುಮ್ಮ ದೋನಾ ಸೆರೆನಾಕ್ಕ ಬದಲು ಮಾಡಿಸಿಬಿಟ್ಟೆ."

ಹಲಗೆ ನಿಂತಿತು. ಹಣಮಂತರಾಯರು ಬಂದಂತೆಯೇ ಕಳ್ಳ ಹೆಜ್ಜೆಯಲ್ಲಿ ಹೋದರು.

ಅವರು ಹೋದ ಬಾಗಿಲಿನಿಂದಲೇ ಶಾಂಭವಿ ಬಂದಳು. ಈ ಸಲ ಮೊಸರಿನ ಬಟ್ಟಲೂ ಇರಲಿಲ್ಲ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಎಂದು ಸುಮಂಗಲಾರ ಕೈ ಹಿಡಿದಳು. "ಆ ಸಾವ್ಕಾರ್ರು ಲಾಂಚಿನಾಗ ವಾಂತಿ ಮಾಡ್ಕೊಂಡಿದ್ದು ನೋಡಿದ್ರಲ್ಲ? ಸಮುದ್ರದಾಗ ಅವ್ರ ಬಾಜೂಕ ಯಾರು ಕುಂದ್ರಬೇಕ್ರಿ? ನಾವು ದೊನ್ನಿಗೆ... ಅಯ್ಯ, ಆಯಿ ಮಾತು ನನಗೂ ಬಂತು ನೋಡ್ರಿ... ದೋನಾ ಸೆರೆನಾಕ್ಕ ಹೊಂಟೀವಿ. ಯಾರ ಮುಂದೂ ಅನಬ್ಯಾಡ್ರಿ."

ಶಾಂಭವಿ ಅತ್ತ ಹೋದದ್ದೇ ತಡ, ಮೆಟ್ಟಿಲ ಮರೆಯಲ್ಲಿ ಕಾದಿದ್ದ ಗುರುಬಾಯಿ ಗೋಡೆ ಹಿಡಿದುಕೊಂಡು ಬಂದಳು.

"ಯಪ್ಪಾ, ಬೆಲ್ಲದ ಹಡಗಿನಾಗ ಭಾಳ ಮಂದಿ ಆದ್ರು. ಆ ಸಾವ್ಕಾರ, ಶಾಂಭವಿ ಇಬ್ಬರ ನಡುವ ನನ್ನ ಜೀವಾ ಉಳಿಯೂದಿಲ್ಲ. ದೊನ್ನಿ ಆದ್ರೂ ಚಿಂತಿಲ್ಲಂತ ಅದಕ್ಕ ಬರಸೀನಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವಿಬ್ಬರೂ ಅದಕ್ಕೇ ಬಂದಿದ್ರ ಎಷ್ಟು ಛಂದ ಇತ್ತು!"

ಬಾಗಿಲು ಮುಚ್ಚಿತು. ಬಾಲ್ಕನಿಯಲ್ಲಿ ಚಹಾ ಆರಿ ಕೆನೆ ಕಟ್ಟಿತ್ತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

"ಬೆಲ್ಲಾ ಫಿಯೋರಾ!" ಎಂದರು ಇಬ್ಬರೂ ಒಮ್ಮೆಲೇ. ಭೀಮಾಶಂಕರರು ಫೋನನ್ನು ಮೂಗಿಗೆ ತಗುಲುವಷ್ಟು ಹತ್ತಿರ ಹಿಡಿದು ಅಕ್ಷಯನ ನಂಬರು ಒತ್ತಿದರು.

"ಅಕ್ಷಯ್, ನಮ್ಮದು ಮತ್ತ ಮೊದಲಿನ ಹಡಗಿಗೇ ಮಾಡಿಬಿಡ್ರಿ. ಕೈ ಮುಗೀತೀನಿ."

"ಟಿಕೀಟು ಹೊಂಟು ಹೋದವ್ರಿ ಸಾರ್. ಬದಲಿ ಒಂದೇ ಸಲ ಅಂತ ನಾನು ಹೇಳಿದ್ನೆಲ್ಲ." ಅಕ್ಷಯನ ದನಿಯಲ್ಲಿ ಒಳ್ಳೆಯ ವ್ಯಾಪಾರವಾದ ದಿನದ ಉತ್ಸಾಹವಿತ್ತು. "ನೀವೇನೂ ಕಾಳಜಿ ಮಾಡಬ್ಯಾಡ್ರಿ. ಹೊಸ ಊರಾಗ ನಮ್ಮವರು ನಮ್ಮ ಹಂತ್ಯಾಕ ಇರ್ಬೇಕಂತ ನಾನೇ ಹೇಳಿ ನಾಕೂ ಖೋಲಿ ಒಂದೇ ಸಾಲಿನಾಗ ಹಾಕ್ಸೀನಿ. ನಿಮ್ಮದು ನಟ್ಟನಡುವ. ಒಂದು ಖೋಲಿಂದ ಇನ್ನೊಂದಕ್ಕ ಒಳಗಿಂದೊಳಗ ಬಾಗಲಾನೂ ಐತಿ. ಊಟದ ಮೇಜೂ ಒಂದೇ, ಎಂಟೂ ದಿನ."

ಭೀಮಾಶಂಕರರು ಏನೋ ಕೇಳಬೇಕೆಂದು ಕೇಳಿದರು: "ಮತ್ತ... ಆ ಬೆಲ್ಲಾ ಫಿಯೋರಾ?"

"ಅದಾ? ಅದರಾಗ ಈಗ ನಮ್ಮ ಕಡಿಯವ್ರು ಅಂತ ಒಬ್ರೂ ಇಲ್ರಿ. ಶಾಂತ ಅಂದ್ರ ಶಾಂತ. ಬರೇ ಗಂಡ ಹೆಂಡತಿ ಇಬ್ಬರೇ ಹೋಗಾಕ ಹೇಳಿ ಮಾಡಿಸಿದಂಗ ಐತಿ." ಅಕ್ಷಯ ಆಸೆಯ ದನಿಯಲ್ಲಿ ಸೇರಿಸಿದ: "ನಿಮ್ಮ ಗುರ್ತಿನವ್ರು ಅಂಥಾವ್ರು ಯಾರರ ಇದ್ರ ಹೇಳ್ರಿ ಸಾರ್."