ಪರದೆಯ ಮೇಲೆ ಅಂಜೂರದ ಹೂವು

ಪಾಠ ಹೇಳುವವರಿಗೇ ಪಾಠ ಕಲಿಸುವ ಪ್ರಸಂಗಗಳು ಕಾಲೇಜಿನ ಬಾಗಿಲಲ್ಲೇ ಉಳಿಯುತ್ತವೆ ಎಂದು ಭಾವಿಸಿದ್ದೆ. ಅವು ಈಗ ಬಳ್ಳಾರಿಯ ಗಾಂಧಿನಗರದ ನನ್ನ ಮನೆಗೇ, ಕರೆಯದೆ, ಲ್ಯಾಪ್‌ಟಾಪಿನ ಮೂಲಕ ಬರುತ್ತಿವೆ.

ನಿವೃತ್ತಿಯ ನಂತರ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ ತರಗತಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ. ಮೊದಲ ತಿಂಗಳು ಮಾತಿನಲ್ಲೇ ಕಲಿಸಿದೆ. ತರಗತಿಗಳ ಸಂಯೋಜಕರು ಫೋನ್ ಮಾಡಿದರು.

"ಮೇಡಂ, ಬರೇ ಮಾತಿದ್ರ ಹುಡುಗರು ನಿದ್ದಿ ಹೊಡಿತಾರ್ರಿ. ಚಿತ್ರ ಹಾಕ್ರಿ. ಸೆಮಿಸ್ಟರ್ ಕೊನಿಗೆ ಪರಿವೀಕ್ಷಕರು ಕ್ಲಾಸಿನ್ಯಾಗ ಕೂಡ್ತಾರ. ಅವರು ಒಲ್ಲೆ ಅಂದ್ರ ಮುಂದಿನ ವರ್ಷ ನಿಮ್ಮ ಬದ್ಲಿ ರೆಕಾರ್ಡ್ ಮಾಡಿದ ವಿಡಿಯೊ ಹಾಕ್ತಾರ್ರಿ."

ನಲವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ ಇದು. ವಿಡಿಯೊ ಒಂದಕ್ಕೆ ಸೋಲುವ ಉದ್ದೇಶ ನನಗಿರಲಿಲ್ಲ.

೧. ಬೆಂಬಲಿಗರು

ಚಿತ್ರ ಕೇಳಿದರು, ಕೊಟ್ಟೆ. ಹುಲ್ಲಿನ ಕುಟುಂಬದ ಪಾಠಕ್ಕೆ ಒಂದೇ ಸ್ಲೈಡಿನ ನಡುವೆ ದೊಡ್ಡದಾಗಿ ಭತ್ತ. ಸುತ್ತಲೂ ದುಂಡನೆಯ ಚೌಕಟ್ಟುಗಳಲ್ಲಿ ಜೋಳ, ಸಜ್ಜೆ, ರಾಗಿ, ನವಣೆ, ಕಬ್ಬು, ಬಿದಿರು, ಗರಿಕೆ.

ಕುಡತಿನಿಯ ವಿದ್ಯಾರ್ಥಿಯೊಬ್ಬ ಮೈಕ್ ತೆರೆದ. "ಮೇಡಂ, ನಮ್ಮೂರ ಸರ್ಕಲ್‌ನ್ಯಾಗ ಬರ್ತ್‌ಡೇ ಫ್ಲೆಕ್ಸ್ ಕಟ್ಟಿದಂಗೈತ್ರಿ. ಇದರಾಗ ಲೀಡರ್ ಯಾರ್ರಿ?"

"ಭತ್ತ," ಎಂದೆ. "ಉಳಿದವರು ಬೆಂಬಲಿಗರು."

ಆ ವಾರದ ಕಿರುಪರೀಕ್ಷೆಯಲ್ಲಿ ಎಂಟು ಸಸ್ಯಗಳ ಹೆಸರನ್ನೂ ಎಲ್ಲರೂ ತಪ್ಪಿಲ್ಲದೆ ಬರೆದರು. ಕುಡತಿನಿಯವನು ಮಾತ್ರ ಗರಿಕೆಯ ಎದುರು "ಎಲ್ಲಾ ಪಕ್ಷದಲ್ಲೂ ಇರುತ್ತದೆ" ಎಂದು ಸೇರಿಸಿದ್ದ. ಸಸ್ಯಶಾಸ್ತ್ರದ ದೃಷ್ಟಿಯಿಂದ ಅದು ಸರಿ. ಅಂಕ ಕಳೆಯಲಾಗಲಿಲ್ಲ.

ಅಂದಿನಿಂದ ಒಂದು ಸ್ಲೈಡಿಗೆ ಒಂದೇ ಚಿತ್ರವೆಂಬ ನಿಯಮ ಮಾಡಿಕೊಂಡೆ.

೨. ಎದ್ದು ನಿಂತದ್ದು

ಮುಂದಿನ ಪಾಠಕ್ಕೆ ಅಂತರ್ಜಾಲದಿಂದ ಎಳೆಯ ಭತ್ತದ ಸಸಿಯ ಚಿತ್ರ ತೆಗೆದುಕೊಂಡಿದ್ದೆ. ಸಿರುಗುಪ್ಪದ ವಿದ್ಯಾರ್ಥಿಯೊಬ್ಬನ ಹಿಂದಿನಿಂದ ಹೆಣ್ಣುಧ್ವನಿಯೊಂದು ಕೇಳಿಬಂತು.

"ಯವ್ವಾ! ಕಳೆ ತೋರಿಸಿ ಭತ್ತ ಅಂತಾರಲ್ಲೋ ನಿಮ್ಮ ಟೀಚರಮ್ಮ!"

"ಅವ್ವಾ, ಸುಮ್ಕಿರಬೇ. ಮೈಕ್ ಚಾಲೂ ಐತಿ," ಎಂದು ಹುಡುಗ ಗೋಗರೆದ.

ಚಿತ್ರವನ್ನು ಹಿಗ್ಗಿಸಿ ನೋಡಿದೆ. ಎಲೆಯು ಕಾಂಡವನ್ನು ಸೇರುವಲ್ಲಿ ಭತ್ತಕ್ಕೆ ತೆಳುವಾದ ಪೊರೆಯಿರುತ್ತದೆ. ಇದಕ್ಕೆ ಇರಲಿಲ್ಲ. ಅದು ಗದ್ದೆಯ ಕಳೆಯೇ.

ತಪ್ಪನ್ನು ಎದ್ದು ನಿಂತು ಒಪ್ಪಿಕೊಳ್ಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಎದ್ದು ನಿಂತೆ, ಸ್ಪಷ್ಟವಾಗಿ ಒಪ್ಪಿಕೊಂಡೆ.

"ಮೇಡಂ," ಎಂದ ಕುಡತಿನಿಯವನು, "ಸೀರಿ ನೆರಿಗಿ ಅಷ್ಟ ಕಾಣಾಕ ಹತ್ತೈತ್ರಿ. ಮುಖ ಕಾಣವಲ್ದು."

ಸಿರುಗುಪ್ಪದ ತಾಯಿ ನನ್ನನ್ನು ಸಮಾಧಾನಪಡಿಸಿದರು. "ಇರ್ಲಿ ಬಿಡ್ರಿ ಟೀಚರಮ್ಮಾ. ಸಣ್ಣವಿದ್ದಾಗ ಎಲ್ಲಾ ಒಂದ ನಮೂನಿ ಕಾಣ್ತಾವ. ಕಿತ್ತು ಒಗಿಯಾಕ ನಾವು ಅದೀವಲ್ಲ!"

ಅನಂತರ ಅವರು ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ಅವರ ಮಗ ಎರಡು ತಪ್ಪಿಸಿದ.

೩. ಪರಿವೀಕ್ಷಕರು

ನಿರ್ಣಾಯಕ ದಿನ ಬಂತು. ಪರಿವೀಕ್ಷಕರು ಬೋಧನಾ ತಂತ್ರಜ್ಞಾನದವರು, ಸಸ್ಯಶಾಸ್ತ್ರದವರಲ್ಲ. ಪರದೆಯ ಒಂದು ಮೂಲೆಯಲ್ಲಿ ಅವರು, ಪಕ್ಕದ ಚೌಕದಲ್ಲಿ ಸಂಯೋಜಕರು.

ಸ್ಲೈಡಿನ ಮೇಲೆ "ಅಂಜೂರದ ಹೂವು" ಎಂಬ ಶೀರ್ಷಿಕೆ. ಕೆಳಗೆ ಒಂದು ಇಡೀ ಹಣ್ಣು. ಹೂವೆಲ್ಲ ಅದರ ಒಳಗೇ ಅಡಗಿರುತ್ತದೆ ಎಂಬ ಗುಟ್ಟನ್ನು ಮುಂದಿನ ಸ್ಲೈಡಿಗೆ ಕಾದಿರಿಸಿದ್ದೆ. ಗುಂಡಿ ಒತ್ತಿದೆ. ಸ್ಲೈಡ್ ಮುಂದೆ ಹೋಗಲಿಲ್ಲ. ಮತ್ತೆ ಒತ್ತಿದೆ. ಹಣ್ಣು ಅಲ್ಲಿಯೇ ಕುಳಿತಿತ್ತು.

"ಮೇಡಂ," ಎಂದರು ಪರಿವೀಕ್ಷಕರು, "ಹೂವು ಎಂದು ಬರೆದು ಹಣ್ಣು ತೋರಿಸುತ್ತಿದ್ದೀರಿ. ಚಿತ್ರವೇ ತಪ್ಪಾದರೆ ಪಾಠ ಸರಿಯಾಗುವುದು ಹೇಗೆ?"

ಸಂಯೋಜಕರು ಕರವಸ್ತ್ರ ತೆಗೆದರು. ನಾನು ಉತ್ತರಿಸುವ ಮೊದಲೇ ಕುರುಗೋಡಿನ ವಿದ್ಯಾರ್ಥಿನಿಯೊಬ್ಬಳು ಕೂಗಿದಳು.

"ಸರ್, ಒಂದ್ ನಿಮಿಷ ನಿಂದರ್ರಿ!"

ಅವಳ ಮನೆಯ ಹಿಂದೆಯೇ ಅಂಜೂರದ ತೋಟ. ಫೋನ್ ಹಿಡಿದೇ ಓಡಿದಳು. ಪರದೆಯ ಮೇಲೆ ಆಕಾಶ, ಅವಳ ಚಪ್ಪಲಿ, ಬೆದರಿದ ಒಂದು ಕೋಳಿ, ಕೊನೆಗೆ ಗಿಡ. ಒಂದು ಕಾಯಿ ಕಿತ್ತು, ಕುಡುಗೋಲಿನಿಂದ ಎರಡು ಹೋಳು ಮಾಡಿ ಕ್ಯಾಮೆರಾಕ್ಕೆ ಹಿಡಿದಳು. ಒಳಗೆಲ್ಲ ಎಳೆ ಎಳೆಯಾಗಿ ನೂರಾರು ಪುಟ್ಟ ಹೂವುಗಳು. ಅಷ್ಟು ಒಳ್ಳೆಯ ಚಿತ್ರ ನನ್ನ ಸ್ಲೈಡಿನಲ್ಲೂ ಇರಲಿಲ್ಲ.

"ಹೂವು ಒಳಗ ಐತ್ರಿ ಸರ್. ಬಾಗ್ಲಾ ಹಾಕ್ಕೊಂಡು ಕುಂತೈತಿ."

ಪರಿವೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ಪರದೆಯ ಹತ್ತಿರ ಬಾಗಿದರು. ಸಿರುಗುಪ್ಪದ ತಾಯಿ ಅವರನ್ನೂ ಸಮಾಧಾನಪಡಿಸಿದರು.

"ಇರ್ಲಿ ಬಿಡ್ರಿ ಸರ. ಹೊರಗ ನಿಂತು ನೋಡಿದೋರಿಗೆ ಎಲ್ಲಾ ಹಂಗ ಕಾಣ್ತಾವ. ಬಿಡಿಸಿ ತೋರ್ಸಾಕ ನಾವು ಅದೀವಲ್ಲ!"

ವಾರದ ನಂತರ ಸಂಯೋಜಕರು ವರದಿಯನ್ನು ಫೋನಿನಲ್ಲಿ ಓದಿ ಹೇಳಿದರು. ಅದರಲ್ಲಿ ಎರಡೇ ವಾಕ್ಯಗಳಿದ್ದವು. "ಈ ತರಗತಿಗೆ ವಿಡಿಯೊ ಅನಗತ್ಯ, ಇವರನ್ನೇ ಮುಂದುವರಿಸತಕ್ಕದ್ದು. ಸಿರುಗುಪ್ಪದಿಂದ ಮಾತನಾಡಿದ ಹಿರಿಯ ಪ್ರಾಧ್ಯಾಪಕಿಯವರಿಗೂ ಪ್ರತ್ಯೇಕ ತರಗತಿ ಕೊಡುವುದು ಸೂಕ್ತ."

ಈ ಶಿಫಾರಸನ್ನು ಆ ತಾಯಿಗೆ ತಿಳಿಸುವುದು ನನ್ನ ಕರ್ತವ್ಯವೆಂದು ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬರ್ತೀನಂತ ಹೇಳ್ರಿ ಟೀಚರಮ್ಮಾ. ನಾಟಿ ಒಂದು ಮುಗೀಲಿ."