ಎಡಗಡೆಯ ಕನ್ನಡಿ

ಅನ್ವಿತಾ, ಸುಹಾಸ, ನಿಮ್ಮ ಅಜ್ಜಿ ಹೆದರುಪುಕ್ಕಲಿ ಎಂದು ನಿಮಗೆ ಗೊತ್ತು. ಲಿಫ್ಟಿನಲ್ಲಿ ನಿಮ್ಮ ಕೈ ಹಿಡಿಯುವುದು ಪ್ರೀತಿಯಿಂದ ಎಂದು ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು ನಾನು. ಅಲ್ಲಿಯೂ ಮೇಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ನೆಲ ನೋಡುತ್ತಿದ್ದೆ. ಬಾಯಿಬಿಟ್ಟು ಹೇಳುವವರ ಹೆದರಿಕೆ ಅಲ್ಲಿಗೇ ಅರ್ಧ ಇಳಿಯುತ್ತದೆ. ನಾಚಿಕೆಯವರ ಹೆದರಿಕೆ ಹೊಟ್ಟೆಯೊಳಗೇ ಇದ್ದು ಮರಿ ಹಾಕುತ್ತದೆ. ಹಾಗೆ ಮರಿ ಹಾಕಿದ ಒಂದು ಹೆದರಿಕೆಯ ಕಥೆ ಇದು.

ಆಗ ನಾವು ಕಾಪುವಿನಲ್ಲಿದ್ದೆವು. ನಿಮ್ಮ ಅಜ್ಜ ಮಣಿಪಾಲದ ಒಂದು ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಅಕ್ಷರಗಳನ್ನು ತಿರುವುಮುರುವಾಗಿ ಓದುವುದರಲ್ಲಿ ಅವರದ್ದು ಎತ್ತಿದ ಕೈ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಹಳೆಯ ಮೋಟಾರ್ ಸೈಕಲ್ ಕೊಂಡರು. ಅದಕ್ಕೆ ಹಿಂದೆ ಕುಳಿತವರು ಕಾಲಿಡಲು ಏನೂ ಇರಲಿಲ್ಲ, ಸೀರೆ ಚಕ್ರಕ್ಕೆ ಸಿಕ್ಕದಂತೆ ತಡೆಯುವ ಗಾರ್ಡ್ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಹೊಸದು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಉಡುಪಿಯಲ್ಲಿ ಫೆಲಿಕ್ಸ್ ಪೊರ್ಬುಗಳ ಗ್ಯಾರೇಜಿನ ಹಿಂದೆ ಗುಜರಿಯ ರಾಶಿ ಇತ್ತು. ಅದರಿಂದ ತಿಂಗಳಿಗೊಂದರಂತೆ ಒಂದೊಂದು ಸಾಮಾನು ಬಂತು. ಒಂದು ಗಾಡಿಯ ಗಾರ್ಡ್ ಇನ್ನೊಂದರ ತೂತಿಗೆ ಕೂರದೆ, ನಡುವೆ ಕಬ್ಬಿಣದ ಪಟ್ಟಿ ಹಾಕಿ, ಅಲುಗಾಡದಂತೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರು. ಕಾಲಿಡುವ ಹಲಗೆ ಎಷ್ಟು ಮೇಲಿತ್ತೆಂದರೆ, ಕುಳಿತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಕೊನೆಗೆ ಬಂದದ್ದು ದುಂಡಗಿನ ಕನ್ನಡಿ. ಅದನ್ನು ಅಜ್ಜ ಎಡಗಡೆಗೆ ಹಾಕಿಸಿಕೊಂಡು ಬಂದರು.

ಪಕ್ಕದ ಮನೆಯ ಗುಲಾಬಿಯಕ್ಕ ಬಂದು ಎಲ್ಲವನ್ನೂ ಮುಟ್ಟಿ ನೋಡಿದರು. "ಗುಜರಿಯ ಸಾಮಾನು ಎಲ್ಲಿಂದ ಬರುವುದು ಹೇಳು? ಓಡಿಸಿದವ ಇದ್ದರೆ ಮಾರುತ್ತಾನಾ? ಎಲ್ಲ ಆಕ್ಸಿಡೆಂಟಿನಲ್ಲಿ ಹೋದವರದ್ದೇ ಮಾರಾಯ್ತಿ. ಉಳಿದದ್ದು ಕಬ್ಬಿಣ, ಬಿಡು. ಆದರೆ ಕನ್ನಡಿ! ದಿನಾ ಅದರಲ್ಲಿ ಮುಖ ನೋಡಿದವನ ಕುಲೆ ಅಷ್ಟು ಸುಲಭದಲ್ಲಿ ಬಿಟ್ಟು ಹೋಗುವುದುಂಟಾ?" ಎಂದು ಕೇಳಿ, ಮನೆಯಲ್ಲಿ ಕೆಲಸವಿದೆಯೆಂದು ಹೊರಟೇಹೋದರು. ಸತ್ತವರ ಆತ್ಮಕ್ಕೆ ನಮ್ಮ ತುಳುವಿನಲ್ಲಿ ಕುಲೆ ಎನ್ನುತ್ತಾರೆ.

ಮುಂದಿನ ಭಾನುವಾರ ಕಾರ್ಕಳಕ್ಕೆ, ನನ್ನ ತಾಯಿಯ ಮನೆಗೆ ಹೊರಟೆವು. ಬೆಳ್ಮಣ್ ದಾಟುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ. ಒಂದು ಗುಂಡಿಗೆ ಗಾಡಿ ಹಾರಿದಾಗ ಕಣ್ಣು ತೆರೆಯಿತು. ಕನ್ನಡಿಯಲ್ಲಿ ಒಂದು ಮುಖ! ಸುಣ್ಣದಂತೆ ಬಿಳಿ, ಹೊರಗೆ ಬಂದ ಕಣ್ಣು, ಕೆನ್ನೆಯ ತುಂಬ ಕಪ್ಪು ಕಲೆ, ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು. ಪಾದರಸ ಎದ್ದುಹೋದ ಕನ್ನಡಿ, ತಾಯಿಮನೆಗೆಂದು ಹೆಚ್ಚೇ ಪೌಡರು ಬಳಿದುಕೊಂಡ ಹೆಂಗಸು ಎಂದು ಇವತ್ತು ಲೆಕ್ಕ ಹಾಕಬಲ್ಲೆ. ಆವತ್ತು ನನಗೆ ಅದು ಕುಲೆಯೇ. ಮುಖವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ದಾಟಿ ಬಂದ ರಸ್ತೆಯನ್ನೇ ನೋಡುತ್ತ ಕಾರ್ಕಳ ಮುಟ್ಟಿದೆ. ಆಮೇಲೆ ಎರಡು ವರ್ಷ ನಾನು ಹೋದ ಊರನ್ನೆಲ್ಲ ಹಿಂದಿನಿಂದಲೇ ನೋಡಿದ್ದು.

ಅಜ್ಜನಿಗೆ ಹೇಳಬಹುದಿತ್ತು. ಅಷ್ಟು ಆಸೆಯಿಂದ ಹಾಕಿಸಿದ್ದಾರೆ, ಹೇಗೆ ಹೇಳುವುದು? ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುವ ಕ್ರಮವಿದೆ. ಆ ವರ್ಷ ಹಿರಿಯರಿಗೆ ಬಡಿಸಿದ ಮೇಲೆ, ಒಂದು ಚಿಕ್ಕ ಎಲೆಯಲ್ಲಿ ಅನ್ನ, ಕೋಳಿ ಸಾರು ಹಾಕಿ ಗುಟ್ಟಾಗಿ ಮೋಟಾರ್ ಸೈಕಲಿನ ಎಡಬದಿಗೆ ಇಟ್ಟೆ. ಹೆಸರು ಗೊತ್ತಿಲ್ಲ. "ಕನ್ನಡಿಯವರೇ, ಉಂಡು ಸುಮ್ಮನಿರಿ" ಎಂದು ಕೈ ಮುಗಿದೆ. ಮರುವರ್ಷ, ಅವರು ಕೋಳಿ ತಿನ್ನದವರಾಗಿದ್ದರೆ ಎಂಬ ಹೊಸ ಹೆದರಿಕೆ ಹುಟ್ಟಿ, ಬದಿಗೆ ಸೌತೆಕಾಯಿ ಪಲ್ಯವನ್ನೂ ಬಡಿಸಿದೆ. ಎಲೆ ನೆಕ್ಕುತ್ತಿದ್ದ ಬೆಕ್ಕನ್ನು ಅಜ್ಜ ನೋಡಿದರು. "ಬೆಕ್ಕಿಗೆ ಬಾಳೆಲೆ, ನನಗೆ ತಟ್ಟೆಯಾ?" ಎಂದರು. ನಾನು ನೆಲ ನೋಡಿದೆ.

ಆ ಮಳೆಗಾಲ ಕಳೆದ ಮೇಲೆ ಕನ್ನಡಿಯ ಕಾಲು ಸಡಿಲವಾಗಿ ಉಡುಪಿಗೆ ಹೋದೆವು. ಅಜ್ಜ ನಟ್ಟು ತರಲು ಎದುರಿನ ಅಂಗಡಿಗೆ ಹೋದಾಗ, ನಾನು ಜನ್ಮದಲ್ಲಿ ಇಲ್ಲದ ಧೈರ್ಯ ತಂದುಕೊಂಡು ಕೇಳಿದೆ: "ಪೊರ್ಬುಗಳೇ, ಈ ಕನ್ನಡಿಯವರು ಹೇಗೆ ತೀರಿಕೊಂಡದ್ದು?"

"ತೀರಿಕೊಂಡದ್ದಾ? ಯಾರು? ಅದು ನಿಟ್ಟೆಯ ಮೇಷ್ಟ್ರದ್ದಲ್ವಾ ಅಕ್ಕ! ಪೆಟ್ರೋಲಿಗೆ ಸುರಿಯುವುದಕ್ಕಿಂತ ಬಸ್ಸೇ ಲಾಯಕ್ಕು ಎಂದು ಗಾಡಿ ಕೊಟ್ಟರು. ಮೊನ್ನೆಯೂ ಬಂದು ನನಗೆ ಬೈದು ಹೋಗಿದ್ದಾರೆ. ಕಲ್ಲುಗುಂಡಿನ ಹಾಗೆ ಉಂಟು ಆ ಜನ."

ಸಮಾಧಾನವಾಯಿತು ಎಂದುಕೊಂಡಿರಾ? ಬದುಕಿರುವ ಮನುಷ್ಯನಿಗೆ ಎರಡು ವರ್ಷ ಸತ್ತವರ ಎಲೆ ಹಾಕಿದ್ದೆ! ನಾಳೆ ಅವರಿಗೆ ಏನಾದರೂ ಆದರೆ? ಪೊರ್ಬುಗಳು ಮಾತು ಮುಂದುವರಿಸಿದರು: "ಕನ್ನಡಿ ಬಲಗಡೆಗೆ ಹಾಕುವಾ ಎಂದರೆ ನಿಮ್ಮವರು ಕೇಳಲಿಲ್ಲ. ನನ್ನನ್ನೇ ಹೆಂಗಸರ ಹಾಗೆ ಅಡ್ಡ ಕೂರಿಸಿ ಕನ್ನಡಿ ತಿರುಗಿಸಿದ್ದೇ ತಿರುಗಿಸಿದ್ದು. 'ಅವಳಿಗೆ ಹೆದರಿಕೆ, ಆದರೆ ಹೇಳುವ ಜನ ಅಲ್ಲ. ಮುಖ ಕಂಡರೆ ನಿಧಾನ ಮಾಡಬಹುದು' ಅಂತ. ಈಗ ಬಂದಾಗಲೆಲ್ಲ ಒಂದೇ ದೂರು, 'ಎರಡು ವರ್ಷದಿಂದ ಅವಳ ತುರುಬು ಮಾತ್ರ ಕಾಣುವುದು ಮಾರಾಯ' ಅಂತ!"

ಉಲ್ಟಾ ಅಕ್ಷರ ಓದುವ ಮನುಷ್ಯ, ಕನ್ನಡಿಯಲ್ಲಿ ನನ್ನನ್ನು ಓದಲು ಹೊರಟಿದ್ದರು.

ಮನೆಗೆ ಹಿಂದಿರುಗುವಾಗ ಮುಖ ತಿರುಗಿಸಿ ಕನ್ನಡಿ ನೋಡಿದೆ. ನಗಲು ಪ್ರಯತ್ನಿಸಿದೆ. ಕೂಡಲೇ ಗಾಡಿ ನಿಂತಿತು.

"ಎಂತಾಯಿತು? ಹೊಟ್ಟೆನೋವಾ?"

"ಅಲ್ಲ. ನಗಾಡಿದ್ದು."

ಅವರು ಮತ್ತೆ ಗಾಡಿ ಹೊರಡಿಸಿದರು. ಆಮೇಲೆ ಎಷ್ಟು ನಿಧಾನವಾಗಿ ಹೋದರೆಂದರೆ, ಸೈಕಲಿನಲ್ಲಿ ಮೀನು ಮಾರುವವನೊಬ್ಬ ಬೆಲ್ಲು ಹೊಡೆದು ನಮ್ಮನ್ನು ದಾಟಿಹೋದ.

ನಿಟ್ಟೆಯ ಮೇಷ್ಟ್ರಿಗೆ ಏನೂ ಆಗಲಿಲ್ಲ. ಪೇಪರಿನ ಮರಣದ ಸುದ್ದಿಯಲ್ಲಿ ನಾನು ಅವರನ್ನು ಎಷ್ಟು ವರ್ಷ ಹುಡುಕಿದರೂ ಸಿಗಲಿಲ್ಲ. ನಿಮ್ಮ ಅಜ್ಜನೇ ಮೊದಲು ಹೋದರು. ಗಾಡಿ ಗುಜರಿಗೆ ಹೋಯಿತು, ಕನ್ನಡಿಯನ್ನು ಬಿಚ್ಚಿಸಿ ಒಂದು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡೆ. ಆಟಿಯಲ್ಲಿ ಅವರ ಎಲೆಯ ಹತ್ತಿರ ಅದನ್ನು ಇಟ್ಟು, ಎದುರು ಕುಳಿತು ನೋಡುತ್ತೇನೆ. ಅದರಲ್ಲಿ ಈಗಲೂ ನನ್ನ ಮುಖವೊಂದೇ ಕಾಣುವುದು. ಈಗ ನನ್ನ ದೂರು ಅದೇ.

ಮಕ್ಕಳೇ, ಈ ಹಾಳೆಗಳನ್ನು ಆ ಕನ್ನಡಿಯ ಬಟ್ಟೆಯಲ್ಲೇ ಸುತ್ತಿ ಜೋಪಾನವಾಗಿ ಇಡಿ, ಗುಜರಿಯವನಿಗೆ ಮಾತ್ರ ಕೊಡಬೇಡಿ. ನನಗೆ ಎಲೆ ಹಾಕುವ ಕಾಲವೂ ಬರುತ್ತದೆ. ಹಾಕುವ ಮೊದಲು, ಅಜ್ಜಿ ಹೋದದ್ದು ಹೌದೇ ಎಂದು ಒಮ್ಮೆ ವಿಚಾರಿಸಿಕೊಳ್ಳಿ.